ಹೊಟ್ಟೆಯೊಳಗಿನ ಡಿಜೆ

ಗಣಪತಿ ಮುಳುಗಿಸುವ ದಿನ ಸಾಂತಾಕ್ರೂಜಿನ ನಮ್ಮ ಹೋಟೆಲಿನ ಮುಂದೆ ಡಿಜೆ ಲಾರಿ ಹಾದುಹೋಗುವಾಗ ಗಲ್ಲಾದ ಮೇಲಿನ ಸೋಂಪಿನ ತಟ್ಟೆ ತನ್ನಷ್ಟಕ್ಕೆ ಕುಣಿಯುತ್ತದೆ. ಈ ವರ್ಷವೂ ಕುಣಿಯಿತು. ಸಪ್ಲೈಯರುಗಳೆಲ್ಲ ಬಾಗಿಲಿಗೆ ಓಡಿದರು, ನಾನು ಎದ್ದು ಒಳಗೆ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಶೇಖರಣ್ಣನಿಗೆ ವಯಸ್ಸಾಯಿತು, ಸದ್ದು ಆಗಿಬರುವುದಿಲ್ಲ ಎಂದು ಅವರು ಹಿಂದಿನಿಂದ ಆಡಿಕೊಳ್ಳುವುದು ನನಗೆ ಗೊತ್ತು. ಆಡಿಕೊಳ್ಳಲಿ. ಸದ್ದಿನ ಮೇಲೆ ನನಗೇನೂ ಸಿಟ್ಟಿಲ್ಲ, ಸಿಟ್ಟಿರುವುದು ಆ ಎರಡಕ್ಷರದ ಮೇಲೆ. ಡಿಜೆ ಅಂದರೆ ಏನೆಂದು ನನಗೆ ಗೊತ್ತು ಅಂತ ನಾನೊಮ್ಮೆ ತಿಳಿದುಕೊಂಡಿದ್ದೆ. ಹಾಗೆ ತಿಳಿದುಕೊಂಡಿದ್ದಕ್ಕೆ ಒಬ್ಬ ಹೆಂಗಸಿನ ಕಿಡ್ನಿಯೇ ಹೋಗುವುದರಲ್ಲಿತ್ತು. ಅದು ನಾಲ್ಕು ವರ್ಷದ ಹಿಂದಿನ ಮಳೆಗಾಲದ ಮಾತು.

ಮೊದಲು ನನ್ನ ಸೊಕ್ಕಿನ ವಿಷಯ ಹೇಳಿಬಿಡುತ್ತೇನೆ. ನಾನು ಕಾಪು ಕಡೆಯವನು. ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ಬೊರಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಬಂದು ಈ ಗಲ್ಲಾದ ಮೇಲೆ ಕೂರುವುದು ನನ್ನ ಕೆಲಸ. ಮನೆಯಲ್ಲಿ ತುಳು, ಅಡುಗೆಯವರ ಹತ್ತಿರ ಕನ್ನಡ, ತರಕಾರಿಯವನ ಹತ್ತಿರ ಹಿಂದಿ, ಮುನಿಸಿಪಾಲಿಟಿಯವರ ಹತ್ತಿರ ಮರಾಠಿ, ಕೋಟು ಹಾಕಿ ಬಂದವರ ಹತ್ತಿರ ಇಂಗ್ಲಿಷ್. ಸ್ಟಾಫಿನಲ್ಲಿ ಯಾರಿಗೆ ಆಸ್ಪತ್ರೆ, ಪೊಲೀಸ್ ಠಾಣೆ, ರೇಷನ್ ಆಫೀಸು ಎಂದರೂ ‘ಶೇಖರಣ್ಣನನ್ನು ಕರೆದುಕೊಂಡು ಹೋಗಿ’ ಎಂಬ ಮಾತು ಇದ್ದದ್ದೇ. ನಾನೂ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊರಡುತ್ತಿದ್ದೆ. ‘ಗೊತ್ತಿಲ್ಲ’ ಎಂಬ ಶಬ್ದ ಐದು ಭಾಷೆಯಲ್ಲೂ ನನಗೆ ಬರುತ್ತಿತ್ತು, ಒಂದರಲ್ಲೂ ಬಳಸುತ್ತಿರಲಿಲ್ಲ.

ಮಾದೇವಿ ನಮ್ಮಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಇಂಡಿ ಕಡೆಯವಳು, ಆಗ ಮೂವತ್ತೈದು ಮೂವತ್ತಾರು ಇರಬಹುದು. ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ ಎಣ್ಣೆಗಾಯಿ ಎಂದು ಮಾಲೀಕರು ಬೋರ್ಡು ಹಾಕಿಸಿದ ಮೇಲೆ ಆಫೀಸಿನ ಮಂದಿ ಸಾಲು ನಿಲ್ಲತೊಡಗಿದ್ದರು. ಹನ್ನೊಂದಕ್ಕೆ ಒಲೆಯ ಮುಂದೆ ನಿಂತರೆ ಮೂರರವರೆಗೆ ಅವಳು ಕದಲುತ್ತಿರಲಿಲ್ಲ. ನೀರೂ ಕುಡಿಯುತ್ತಿರಲಿಲ್ಲ. ‘ನೀರ ಕುಡದ್ರ ಏಳಬೇಕಾಗ್ತೈತ್ರಿ, ಎದ್ರ ಹಂಚಿನ ಮ್ಯಾಲಿಂದು ಸುಡತೈತಿ’ ಎನ್ನುತ್ತಿದ್ದಳು. ಹೋಟೆಲಿನಲ್ಲಿ ಹೆಂಗಸರಿಗೆ ಬೇರೆ ಪಾಯಖಾನೆ ಇರಲಿಲ್ಲ, ಎದ್ದರೆ ಹಿಂದಿನ ಬಿಲ್ಡಿಂಗಿನವರ ಕಾಲು ಹಿಡಿಯಬೇಕು ಎಂಬುದನ್ನು ಅವಳು ಹೇಳುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ. ಗಂಡ ಸಿದ್ದಪ್ಪ ಪವಾಯಿಯಲ್ಲಿ ಏಳುತ್ತಿದ್ದ ದೊಡ್ಡ ಬಿಲ್ಡಿಂಗಿನಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಆಟೋ ಹಿಡಿಯುವುದಕ್ಕೆ, ಕೊತ್ತಂಬರಿ ಕೊಳ್ಳುವುದಕ್ಕೆ ಸಾಕಾಗುವಷ್ಟು ಹಿಂದಿ ಮಾದೇವಿಗೆ ಬರುತ್ತಿತ್ತು. ಡಾಕ್ಟರ ಮುಂದೆ ಮಾತ್ರ ಅದೂ ಕೈಕೊಡುತ್ತಿತ್ತು.

ಆ ಮಳೆಗಾಲಕ್ಕೆ ಎರಡು ವರ್ಷ ಮೊದಲೇ ಅವಳಿಗೊಂದು ಆಪರೇಷನ್ ಆಗಿತ್ತು. ಎಡಗಡೆಯ ಕಿಡ್ನಿಯಿಂದ ಜಾರಿದ ಕಲ್ಲು ಕೆಳಗಿನ ನಾಳದಲ್ಲಿ ಸಿಕ್ಕಿಕೊಂಡು, ಒಲೆಯ ಮುಂದೆಯೇ ಹೊಟ್ಟೆ ಹಿಡಿದು ಕುಳಿತುಬಿಟ್ಟಿದ್ದಳು. ಟ್ರಸ್ಟಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಅಲ್ಲಿಯ ಡಾಕ್ಟರು ಮರಾಠಿಯವರು, ವಯಸ್ಸು ಚಿಕ್ಕದು, ಮಾತು ಚುರುಕು. ಚಾಕು ಹಾಕದೆ, ಮೂತ್ರದ ದಾರಿಯಿಂದಲೇ ಸಪೂರ ದುರ್ಬೀನು ಕಳಿಸಿ, ಲೇಸರಿನಲ್ಲಿ ಕಲ್ಲನ್ನು ಪುಡಿ ಮಾಡಿದರು. ಮರುದಿನ ನಾನು ನೋಡಲು ಹೋದಾಗ ಮಾದೇವಿ ಸೆರಗಿನೊಳಗೆ ಕೈ ಹಾಕಿ ಹೊಟ್ಟೆ ತಡಕಾಡುತ್ತಿದ್ದಳು.

‘ಗಾಯ ಎಲ್ಲೈತ್ರಿ ಅಣ್ಣಾರ?’ ಎಂದು ಕೇಳಿದಳು.

‘ಗಾಯವೇ ಇಲ್ಲ ಮಾರಾಯ್ತಿ. ಈಗ ಎಲ್ಲ ಹೀಗೇ’ ಎಂದೆ, ನಾನೇ ಕಂಡುಹಿಡಿದವನ ಹಾಗೆ.

ಈಗ ಅನ್ನಿಸುತ್ತದೆ, ಹೊಲಿಗೆ ಹಾಕಿದ ಗಾಯವೊಂದು ಇದ್ದಿದ್ದರೆ ನಾವೆಲ್ಲ ಹುಷಾರಾಗಿರುತ್ತಿದ್ದೆವೇನೋ. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಒಳಗೆ ಏನೋ ಉಳಿದಿದೆ ಎಂದು ಯಾರ ತಲೆಗೂ ಹೋಗಲಿಲ್ಲ.

ಮನೆಗೆ ಕಳಿಸುವ ದಿನ ಸಿದ್ದಪ್ಪನಿಗೆ ಸೈಟಿನಲ್ಲಿ ಸ್ಲ್ಯಾಬ್ ಹಾಕುವುದಿತ್ತು, ನಾನು ಹೋಗಿದ್ದೆ. ಗಣಪತಿಗೆ ಇನ್ನು ನಾಲ್ಕೇ ದಿನ. ಡಾಕ್ಟರು ಹಾಸಿಗೆಯ ಹತ್ತಿರ ನಿಂತು ಗಡಿಬಿಡಿಯಲ್ಲಿ ಹೇಳಿದರು: ಒಳಗೆ ಡಿಜೆ ಹಾಕಿದ್ದೇವೆ, ಕಿಡ್ನಿಯಿಂದ ಮೂತ್ರಚೀಲದವರೆಗೆ, ನಾಳ ಊದಿಕೊಂಡು ಮುಚ್ಚಿಹೋಗದ ಹಾಗೆ. ಒಂದು ತಿಂಗಳು ಬಿಟ್ಟು, ಗಣಪತಿ ಎಲ್ಲ ಮುಗಿದ ಮೇಲೆ, ಕರೆದುಕೊಂಡು ಬನ್ನಿ, ಕೆಳಗಿನಿಂದಲೇ ತೆಗೆಯುತ್ತೇವೆ. ‘ಸಮಜಲಾ ಕಾ?’ ಎಂದರು. ತಿಳಿಯಿತೋ ಎಂದು. ‘ಹೋ ಹೋ’ ಎಂದೆ, ಹೌದು ಹೌದು ಎಂದು.

ನನಗೆ ಅರ್ಧ ತಿಳಿದಿರಲಿಲ್ಲ. ತಿಳಿದ ಅರ್ಧವನ್ನೂ ಹೇಳಲು ನಾಚಿಕೆ. ತಂಗಿಯಂತಿರುವ ಹೆಂಗಸಿಗೆ ಮೂತ್ರಚೀಲ, ಕೆಳಗಿನ ದಾರಿ ಎಂದೆಲ್ಲ ಹೇಗೆ ಹೇಳುವುದು? ಹಾಗಾಗಿ ತಮಾಷೆ ಮಾಡಿದೆ. ‘ನಿನ್ನ ಹೊಟ್ಟೆಯಲ್ಲಿ ಡಿಜೆ ಇಟ್ಟಿದ್ದಾರಂತೆ. ಗಣಪತಿ ಮುಳುಗಿದ ಮೇಲೆ ಊರಿನ ಡಿಜೆ ಎಲ್ಲ ಬಂದ್ ಆಗ್ತದಲ್ಲ, ಆಗ ನಿಂದೂ ಬಂದ್.’ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಮ್ಮ ಊರಾಗ ಮದುವಿಗೆ ತರಸ್ತಾರ ನೋಡ್ರಿ, ಅದ ಡಿಜೆ?’ ಎಂದಳು. ಅದೇ ಎಂದು ನಾನೂ ನಕ್ಕೆ.

ಒಂದು ಗಂಟೆಯ ಮೇಲೆ ನರ್ಸು ಬಂದು, ಹಾಸಿಗೆಯ ಪಕ್ಕ ಚೀಲ ನೇತುಹಾಕಿದ್ದರಲ್ಲ, ಮೂತ್ರದ ನಳಿ, ಅದನ್ನು ತೆಗೆದಳು. ನಾನು ಪರದೆಯ ಹೊರಗೆ ಹಾಲಿನವನ ಜೊತೆ ಫೋನಿನಲ್ಲಿ ಜಗಳಕ್ಕೆ ನಿಂತಿದ್ದೆ. ಮಾದೇವಿ ಪರದೆ ಸರಿಸಿ ಕೇಳಿದಳು: ‘ಅಣ್ಣಾರ, ಡಿಜೆ ಅಂದ್ರ ಇದ ಏನ್ರಿ? ಈಗ ತಗದ್ರಲ್ಲ. ಗಣಪತಿ ಇನ್ನೂ ಕುಂತ ಇಲ್ಲ.’

ನಾನು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದೆ: ‘ಹೌದು, ಅದೇ. ಮೊದಲೇ ತೆಗೆದರು, ಒಳ್ಳೇದಾಯ್ತು ಬಿಡು.’

ಅಷ್ಟೇ. ಮತ್ತೆ ಹಾಲಿನವನ ಜಗಳಕ್ಕೆ ಹೋದೆ.

ಆಮೇಲಿನ ಎರಡು ವರ್ಷದಲ್ಲಿ ಮಾದೇವಿ ಆಗೀಗ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು. ‘ಉರಿ ಆಗತೈತ್ರಿ, ಎಡಕ್ಕ ಬ್ಯಾನಿ’ ಎನ್ನುತ್ತಿದ್ದಳು. ನಾನು ಸುಮ್ಮನಿರುವವನೇ? ಬಾಳೆದಿಂಡಿನ ರಸ ಕುಡಿ, ನಮ್ಮ ಊರಲ್ಲಿ ಕಲ್ಲಿಗೆ ಅದೇ ಮದ್ದು ಎಂದು ಮಾಟುಂಗದಿಂದ ದಿಂಡು ತರಿಸಿಕೊಟ್ಟೆ. ಬಾರ್ಲಿ ನೀರು ಮಾಡಿಸಿಕೊಟ್ಟೆ. ಪುಣ್ಯ ಕಟ್ಟಿಕೊಳ್ಳುತ್ತಿದ್ದೇನೆ ಎಂದೇ ತಿಳಿದಿದ್ದೆ.

ಇನ್ನು ಆ ಮಳೆಗಾಲ. ಜುಲೈ ತಿಂಗಳು, ಮೂರು ದಿನದಿಂದ ಎಡೆಬಿಡದೆ ಸುರಿದು ಸಬ್‌ವೇ ತುಂಬಿ, ಅರ್ಧ ಸ್ಟಾಫ್ ಬಂದಿರಲಿಲ್ಲ. ಮಾದೇವಿ ಬಂದಿದ್ದಳು. ಹನ್ನೆರಡರ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೋಗಿ ನೋಡಿದರೆ ಅವಳು ಹಂಚಿನ ಮುಂದೆ ಗಡಗಡ ನಡುಗುತ್ತಿದ್ದಳು. ಅಂಥ ಬೆಂಕಿಯ ಮುಂದೆ ಚಳಿ. ಮುಟ್ಟಿದರೆ ಕೈ ಸುಡುವಂಥ ಜ್ವರ. ಮೊಣಕಾಲುದ್ದ ನೀರಿನಲ್ಲಿ ಆಟೋದವನನ್ನು ಒಪ್ಪಿಸಿ ಅದೇ ಆಸ್ಪತ್ರೆಗೆ ಹೋದೆವು. ಪವಾಯಿಯಿಂದ ಸಿದ್ದಪ್ಪ ನೆನೆದು ತೊಪ್ಪೆಯಾಗಿ ಬಂದ.

ಅದೇ ಡಾಕ್ಟರು. ಎಕ್ಸ್‌ರೇ ತೆಗೆಸಿದರು. ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಹತ್ತಿರ ಬಗ್ಗಿದರು. ನಾನು ಇಣುಕಿ ನೋಡಿದೆ. ಎಡಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಬಿಳಿ ಗೆರೆ. ಅದರ ಎರಡೂ ತುದಿ ಕೊಕ್ಕೆಯ ಹಾಗೆ ಸುತ್ತಿಕೊಂಡಿತ್ತು. ಮೇಲಿನ ಕೊಕ್ಕೆಗೆ ನೆಲ್ಲಿಕಾಯಿಯಷ್ಟು ಕಲ್ಲು, ಕೆಳಗಿನದಕ್ಕೆ ಅದಕ್ಕಿಂತ ದೊಡ್ಡದು.

‘ಇದು ಡಿಜೆ’ ಎಂದರು ಡಾಕ್ಟರು, ಗೆರೆಯ ಮೇಲೆ ಬೆರಳಿಟ್ಟು. ‘ಡಬಲ್ ಜೆ ನಳಿ, ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ. ನಾನೇ ಹಾಕಿದ್ದು. ಎರಡು ವರ್ಷದಿಂದ ಒಳಗೇ ಇದೆ.’

ಡಿಜೆ ಎಂದರೆ ಆ ಚೀಲದ ನಳಿ ಅಲ್ಲವೇ, ಅದನ್ನು ನಾನು ಅಲ್ಲಿದ್ದಾಗಲೇ ತೆಗೆದಿದ್ದರಲ್ಲ, ನಾನೇ ಹೌದು ಎಂದಿದ್ದೆನಲ್ಲ ಎಂದು ಮನಸ್ಸು ಹಿಂದಕ್ಕೆ ಓಡಿತು. ಸಿದ್ದಪ್ಪ ಪ್ಲಾಸ್ಟಿಕ್ ಚೀಲದಿಂದ ಹಳೆಯ ಡಿಸ್ಚಾರ್ಜ್ ಕಾಗದ ತೆಗೆದುಕೊಟ್ಟ. ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟಿದ್ದರಂತೆ. ಡಿಜೆ ಒಳಗಿದೆ, ಇಷ್ಟು ವಾರದಲ್ಲಿ ತೆಗೆಯಬೇಕು ಎಂದು ಇಂಗ್ಲಿಷಿನಲ್ಲಿ ಚೊಕ್ಕವಾಗಿ ಟೈಪಾಗಿತ್ತು. ಅವತ್ತು ಅದನ್ನು ಕೈಯಲ್ಲಿ ಹಿಡಿದು ತಂದವನು ನಾನು, ಓದಿರಲಿಲ್ಲ. ಆಸ್ಪತ್ರೆಯವರು ಫೋನೂ ಮಾಡಿದ್ದರಂತೆ, ಸಿದ್ದಪ್ಪನ ಆ ಸಿಮ್ ಯಾವತ್ತೋ ಬಂದ್ ಆಗಿತ್ತು.

ಡಾಕ್ಟರಿಗೆ ಸಿಟ್ಟು ಬಂದಿತ್ತು. ಕಿಡ್ನಿಯಲ್ಲಿ ಕೀವು ತುಂಬಿದೆ, ಮೊದಲು ಜೀವ ಉಳಿಸಬೇಕು, ಆಮೇಲೆ ಕಿಡ್ನಿ ಉಳಿದಿದೆಯೋ ಇಲ್ಲವೋ ನೋಡಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ, ‘ಕೇಳಿ ಅವಳನ್ನು, ತೆಗೆಸಲು ಯಾಕೆ ಬರಲಿಲ್ಲ, ಡಿಜೆ ತೆಗೆದಾಯಿತು ಅಂತ ಯಾರಾದರೂ ಹೇಳಿದರೇ?’ ಎಂದರು.

ಆ ಪ್ರಶ್ನೆಯನ್ನು ಕನ್ನಡ ಮಾಡಬೇಕಾದವನು ನಾನು. ಹೇಗೋ ಹೇಳಿದೆ: ‘ತೆಗೆಸಲಿಕ್ಕೆ ಯಾಕೆ ಬರಲಿಲ್ಲ, ಡಿಜೆ ತೆಗೆದಾಯ್ತು ಅಂತ ನಿಂಗೆ ಯಾರಾದ್ರೂ ಹೇಳಿದ್ರಾ ಅಂತ ಕೇಳ್ತಿದ್ದಾರೆ.’

ಮಾದೇವಿ ಸ್ಟ್ರೆಚರಿನ ಮೇಲೆ ಮಲಗಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಮುಖವನ್ನೇ ನೋಡಿದಳು, ತುಂಬ ಹೊತ್ತು ನೋಡಿದಳು. ನನಗೆ ನೆನಪಿತ್ತು, ಅವಳಿಗೂ ನೆನಪಿದೆ ಎಂಬುದು ಆ ನೋಟದಲ್ಲೇ ಗೊತ್ತಾಯಿತು.

‘ಯಾರೂ ಹೇಳಿಲ್ಲ ಅನ್ರಿ’ ಎಂದಳು. ‘ನಾನ ಮರತೇನಿ ಅನ್ರಿ.’

ಡಾಕ್ಟರು ಕಾಯುತ್ತಿದ್ದರು. ಸಿದ್ದಪ್ಪ ಕಾಯುತ್ತಿದ್ದ. ನಾನು ‘ವಿಸರಲೀ ಮ್ಹಣತೇ’ ಎಂದೆ. ಮರೆತಳಂತೆ ಎಂದು. ಡಾಕ್ಟರು ತಲೆ ಕೊಡವಿ ಅದನ್ನು ಫೈಲಿನಲ್ಲಿ ಬರೆದುಕೊಂಡರು. ಮೂವತ್ತು ವರ್ಷದಲ್ಲಿ ನಾನು ಮಾಡಿದ ಭಾಷಾಂತರದಲ್ಲಿ ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ಮಾಡಿದ್ದು ಅದೊಂದೇ ಇರಬೇಕು. ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಸಿದ್ದಪ್ಪ ಹಿಂದೆಯೇ ಬಂದು ನನ್ನ ಕೈಗೆ ಚಹಾ ಕೊಟ್ಟ. ‘ನೀವ ಇಲ್ಲಂದ್ರ ನಾವ್ ಹಾಳಾಗಿ ಹೋಗ್ತಿದ್ವಿ ಅಣ್ಣಾರ’ ಎಂದ. ನಾನು ಆ ಚಹಾ ಕುಡಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬೆನ್ನಿನಿಂದ ಸಣ್ಣ ತೂತು ಮಾಡಿ ಕಿಡ್ನಿಗೆ ಒಂದು ನಳಿ ಇಳಿಸಿ ಕೀವು ಹೊರಗೆ ತೆಗೆದರು. ಹತ್ತು ದಿನ ಇಂಜೆಕ್ಷನ್. ಜ್ವರ ಇಳಿಯಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಆದರೆ ಕಿಡ್ನಿಯ ಮಾತು ಬಾಕಿ ಇತ್ತು. ಒಂದು ಸ್ಕ್ಯಾನ್ ಮಾಡಿಸಿ, ಕಿಡ್ನಿ ಪೂರ್ತಿ ಸತ್ತಿದ್ದರೆ ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಇಟ್ಟು, ಅದನ್ನೇ ತೆಗೆದುಹಾಕುವುದು. ಸ್ವಲ್ಪವಾದರೂ ಜೀವ ಇದ್ದರೆ ಉಳಿಸಿಕೊಂಡು ಕಲ್ಲು, ಡಿಜೆ ಮಾತ್ರ ತೆಗೆಯುವುದು. ಸ್ಕ್ಯಾನಿನ ಕಾಗದ ಬರುವ ಎರಡು ದಿನ ನಾನು ಬೊರಿವಲಿ ಲೋಕಲಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. ಕುಳಿತರೆ ಆ ಬಿಳಿ ಗೆರೆ ಕಣ್ಣಿಗೆ ಕಟ್ಟುತ್ತಿತ್ತು. ಮನೆಯಲ್ಲಿ ಹೆಂಡತಿ ‘ಎಂತ ಆಯ್ತು ನಿಮಗೆ?’ ಎಂದರೆ ಗ್ಯಾಸ್ ಎಂದೆ.

ಕಾಗದ ಬಂತು. ಡಾಕ್ಟರು ಹೇಳಿದ್ದನ್ನು ನಾನು ಎರಡು ಸಲ ಕೇಳಿಸಿಕೊಂಡೆ. ಈ ಸಲ ನಾಚಿಕೆ ಮಾನ ಎಲ್ಲ ಬಿಟ್ಟು, ‘ಸರ್, ಚಿತ್ರ ಬರೆದು ತೋರಿಸಿ’ ಎಂದೆ. ಅವರು ಕಾಗದದ ಹಿಂದೆ ಬರೆದರು. ಅದನ್ನು ಮಾದೇವಿಗೆ ಹಿಡಿದು ಹೇಳಿದೆ: ‘ಎಡಗಡೆಯದು ಪೂರ್ತಿ ಹೋಗಿಲ್ಲ. ಅರ್ಧಕ್ಕಿಂತ ಕಡಿಮೆ ಕೆಲಸ ಮಾಡ್ತಾ ಉಂಟು. ಉಳಿಸಿಕೊಳ್ಳುವ ಅಂತಾರೆ. ಹೋದ ಭಾಗ ವಾಪಸ್ ಬರುವುದಿಲ್ಲ.’ ಕೊನೆಯ ವಾಕ್ಯವನ್ನು ನುಂಗಿಬಿಡೋಣ ಎಂದು ಅನ್ನಿಸಿತ್ತು, ನುಂಗಲಿಲ್ಲ. ಅವಳು ‘ಬಲಕ್ಕಿಂದು?’ ಎಂದಳು. ಅದು ಸರಿ ಇದೆ ಎಂದೆ. ಸುಮ್ಮನೆ ತಲೆ ಆಡಿಸಿದಳು.

ಆಪರೇಷನ್ ಮೂರು ಗಂಟೆ ಹಿಡಿಯಿತು. ಕೆಳಗಿನ ದಾರಿಯಿಂದ ಹೋಗಿ ಮೂತ್ರಚೀಲದ ಕಲ್ಲು ಒಡೆದರು. ಬೆನ್ನಿನಲ್ಲಿದ್ದ ಆ ತೂತಿನಿಂದಲೇ ದುರ್ಬೀನು ಇಳಿಸಿ ಕಿಡ್ನಿಯದನ್ನು ಒಡೆದರು. ಆಮೇಲೆ ಡಿಜೆಯನ್ನು ತುಂಡಾಗದ ಹಾಗೆ ನಿಧಾನಕ್ಕೆ ಎಳೆದು ತೆಗೆದರಂತೆ. ಡಾಕ್ಟರು ಹೊರಗೆ ಬಂದು ಡಬ್ಬಿಯಲ್ಲಿ ತೋರಿಸಿದರು. ಸಪೂರದ ಪ್ಲಾಸ್ಟಿಕ್ ನಳಿ, ಮೈತುಂಬ ಹಳದಿ ಕಲ್ಲಿನ ತೊಗಟೆ. ನಮ್ಮ ಹೋಟೆಲಿನ ಹಳೆಯ ಗೀಸರಿನ ಕಾಯಿಲು ಬಿಚ್ಚಿದಾಗ ಹೀಗೇ ಇತ್ತು. ಅದು ಒಬ್ಬರ ಮೈಯಲ್ಲಿ ಇತ್ತು ಎಂದು ನಂಬಲಾಗಲಿಲ್ಲ, ನಾನು ಒಂದು ಸಲ ಹೌದು ಎಂದಿದ್ದಕ್ಕೆ ಇತ್ತು ಎಂದು ನಂಬಲಂತೂ ಆಗಲೇ ಇಲ್ಲ.

‘ಹೊಸ ಡಿಜೆ ಹಾಕಿದ್ದೇನೆ’ ಎಂದರು ಡಾಕ್ಟರು. ‘ಹಾಕದೆ ಆಗುವುದಿಲ್ಲ. ಗಣಪತಿ ಆದ ಮೇಲೆ ತೆಗೆಯಬೇಕು.’

ಮತ್ತೆ ಗಣಪತಿ, ಮತ್ತೆ ಡಿಜೆ. ಎರಡು ದಿನ ಬಿಟ್ಟು ನರ್ಸು ಚೀಲದ ನಳಿ ತೆಗೆದಳು. ಮಾದೇವಿ ಪರದೆ ಸರಿಸಿ ನನ್ನನ್ನೇ ನೋಡಿದಳು. ಕೇಳಲಿಲ್ಲ. ‘ಇದಲ್ಲ’ ಎಂದೆ ನಾನು. ‘ಇದು ಡಿಜೆ ಅಲ್ಲ. ಬೆನ್ನಿಂದು ತೆಗೀತಾರಲ್ಲ, ಅದೂ ಅಲ್ಲ. ಡಿಜೆ ಒಳಗೆ ಉಂಟು, ಕಣ್ಣಿಗೆ ಕಾಣುವುದಿಲ್ಲ.’ ‘ಹೂಂ’ ಎಂದಳು.

ಹೋಟೆಲಿನ ಅಡುಗೆಮನೆಯಲ್ಲಿ ದಿನದ ಪಲ್ಯ, ಸಾಂಬಾರು ಬರೆಯುವ ಕರಿ ಹಲಗೆ ಇದೆ. ಅದರ ಕೆಳಗೆ ನಾನು ಸೀಮೆಸುಣ್ಣದಲ್ಲಿ ‘ಮಾದೇವಿಯ ಡಿಜೆ ಒಳಗಿದೆ’ ಎಂದು ಬರೆದೆ. ಅದರ ಕೆಳಗೆ ತೆಗೆಯುವ ತಾರೀಕು. ಅಡುಗೆಯ ಭಟ್ಟರು ದಿನಾ ಪಲ್ಯದ ಸಾಲು ಒರೆಸುತ್ತಿದ್ದರು, ಆ ಸಾಲನ್ನು ಮುಟ್ಟಲು ಬಿಡಲಿಲ್ಲ. ಎಲ್ಲರೂ ನಕ್ಕರು. ತೊಂಡೆಕಾಯಿ ಪಲ್ಯ, ಬೂದುಗುಂಬಳ ಮಜ್ಜಿಗೆಹುಳಿ, ಮಾದೇವಿಯ ಡಿಜೆ ಎಂದು ಹಾಡು ಕಟ್ಟಿದರು. ನಾನು ನಗಲಿಲ್ಲ.

ವಿಸರ್ಜನೆಯಾಗಿ ನಾಲ್ಕನೆಯ ದಿನ ಅವಳನ್ನು ಕರೆದುಕೊಂಡು ಹೋದೆ. ಸಿದ್ದಪ್ಪನಿಗೆ ಸೈಟಿನಲ್ಲಿ ರಜೆ ಸಿಕ್ಕಿರಲಿಲ್ಲ. ಒಳಗೆ ಹೋದವಳು ಹತ್ತು ನಿಮಿಷದಲ್ಲಿ ಹೊರಗೆ ಬಂದಳು. ನರ್ಸು ತಟ್ಟೆಯಲ್ಲಿ ತಂದು ತೋರಿಸಿದಳು. ನೀಲಿ ಬಣ್ಣದ, ಎರಡು ತುದಿ ಸುತ್ತಿಕೊಂಡ ನಳಿ, ಸ್ವಚ್ಛವಾಗಿತ್ತು. ನಾನು ಅದರ ಎರಡೂ ಕೊಕ್ಕೆ ಎಣಿಸಿದೆ, ನರ್ಸನ್ನು ಹಿಂದಿಯಲ್ಲಿ ಕೇಳಿದೆ, ಡಾಕ್ಟರನ್ನು ಮರಾಠಿಯಲ್ಲಿ ಕೇಳಿದೆ. ಆಮೇಲೆ ಮಾದೇವಿಗೆ ಹೇಳಿದೆ: ‘ಹೌದು. ಇದೇ.’

ಡಾಕ್ಟರು ಫೈಲು ಮುಚ್ಚಲು ಹೊರಟರು. ಆಗ ನನ್ನ ಬಾಯಿಂದ ಬಂತು: ‘ಮೀ ಸಾಂಗಿತಲಂ.’ ನಾನು ಹೇಳಿದ್ದು. ಅವರಿಗೆ ಅರ್ಥವಾಗಲಿಲ್ಲ. ಅವಳು ಮರೆತದ್ದಲ್ಲ ಸರ್, ಅವತ್ತು ಡಿಜೆ ತೆಗೆದಾಯಿತು ಎಂದು ಹೇಳಿದವನು ನಾನು, ನನಗೆ ತಿಳಿದಿರಲಿಲ್ಲ, ತಿಳಿಯಿತು ಎಂದು ನಿಮಗೂ ಸುಳ್ಳು ಹೇಳಿದೆ ಎಂದೆಲ್ಲ ಒದರಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ‘ಅವತ್ತು ನಾನೂ ಚಿತ್ರ ಬರೆಯಬೇಕಿತ್ತು’ ಎಂದಷ್ಟೇ ಹೇಳಿ, ಫೈಲು ತೆರೆದು ಹಳೆಯ ಸಾಲನ್ನು ಹೊಡೆದು ಏನೋ ಬರೆದರು. ಏನೆಂದು ನಾನು ಕೇಳಲಿಲ್ಲ. ಅದೇ ದಿನ ಸಂಜೆ ಸಿದ್ದಪ್ಪನ ಮುಂದೆಯೂ ಹೇಳಿದೆ. ಅವನು ಆಮೇಲೆ ನನಗೆ ಚಹಾ ಕೊಟ್ಟಿಲ್ಲ, ಸರಿಯೇ.

ಆದರೆ ನನ್ನನ್ನು ಇವತ್ತಿಗೂ ಹಿಡಿದುಕೊಂಡಿರುವುದು ಅದಕ್ಕಿಂತ ಮೊದಲು, ಆಸ್ಪತ್ರೆಯ ಗೇಟಿನ ಹತ್ತಿರ ಆದ ಮಾತು. ಸಣ್ಣಗೆ ಮಳೆ ಹನಿಯುತ್ತಿತ್ತು. ಮಾದೇವಿ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಡಾಕ್ಟರು ಹೇಳಿದಂದಿನಿಂದ ಬಾಟಲಿ ಬಿಟ್ಟಿರುತ್ತಿರಲಿಲ್ಲ. ನಾನು ಡಾಕ್ಟರಿಗೆ ಹೇಳಿದ್ದು ಏನೆಂದು ಅವಳಿಗೆ ಕನ್ನಡದಲ್ಲಿ ಹೇಳಿದೆ. ‘ಅಷ್ಟು ತಿಳೀತು ನನಗ’ ಎಂದಳು.

‘ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ ನೀನು?’ ಎಂದೆ. ದೊಡ್ಡ ಮನಸ್ಸಿನವಳು, ಅಣ್ಣ ಎಂದು ಕರೆಯುವವಳು, ಮನ್ನಿಸಿದ್ದಾಳೆ ಎಂದು ಎರಡು ತಿಂಗಳು ನಾನು ಒಳಗೊಳಗೇ ನಂಬಿಕೊಂಡಿದ್ದೆ. ಅದನ್ನೇ ಅವಳ ಬಾಯಿಂದ ಕೇಳಬೇಕಿತ್ತು ನನಗೆ.

ಅವಳು ಬಾಟಲಿಯ ಮುಚ್ಚಳ ತಿರುವಿದಳು. ‘ಹೆಸರ ಹೇಳಿದ್ರ ನೀವು ಸಿಟ್ಟಾಗಿ ಹೋಗಿಬಿಡ್ತಿದ್ರಿ’ ಎಂದಳು. ‘ಆಮ್ಯಾಗ ನನ್ನ ಸಂಗ್ತಿ ಯಾರ ಬರ್ತಿದ್ರು? ಡಾಕ್ಟರ ಮುಂದ ನನಗ ಬಾಯಿ ಇಲ್ಲಲ್ರಿ ಅಣ್ಣಾರ. ಇದ್ದದ್ದು ನಿಮ್ಮದ ಒಂದು.’

ಸಿಟ್ಟಿಲ್ಲದೆ ಹೇಳಿದಳು, ಹಿಟ್ಟಿಗೆ ನೀರು ಎಷ್ಟು ಬೇಕು ಎಂದು ಹೇಳುವ ಹಾಗೆ. ಹೊಟ್ಟೆಯಲ್ಲಿ ಕೀವು ತುಂಬಿಕೊಂಡು, ಹಲ್ಲು ಕಟಕಟಿಸುತ್ತ ಮಲಗಿದ್ದಾಗ ಅವಳು ಅಷ್ಟನ್ನೂ ಲೆಕ್ಕ ಹಾಕಿದ್ದಳು. ಕಿಡ್ನಿ ಹಾಳು ಮಾಡಿದವನನ್ನು ಕಳೆದುಕೊಳ್ಳಬಾರದು ಎಂದು ಸುಳ್ಳು ಹೇಳಿದ್ದಳು. ನಾನು ಅದನ್ನು ಕ್ಷಮೆ ಎಂದುಕೊಂಡು ಎರಡು ತಿಂಗಳು ಹೊತ್ತು ತಿರುಗಿದ್ದೆ.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, ಎಲ್ಲಿಗೆ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದ. ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಅವನು ಮತ್ತೊಮ್ಮೆ ಕೇಳಿದ. ಮಾದೇವಿ ನನ್ನನ್ನು ದಾಟಿ ಮುಂದೆ ಬಂದು, ಆಟೋ ಹತ್ತಿ ಕುಳಿತು, ತನ್ನ ಹಿಂದಿಯಲ್ಲಿ ಹೇಳಿದಳು: ‘ಸಾಂತಾಕ್ರೂಜ್ ಟೇಸನ್ ಭೈಯ್ಯಾ. ದೋ ಆದ್ಮಿ.’